ಊಟ ಆಯ್ತಾ ಎಂದು ಕೇಳದ ಆಟಿ

ಗೋಧಿ ನುಚ್ಚನ್ನು ಬರಿ ಬಾಣಲೆಯಲ್ಲಿ ಹುರಿಯುವಾಗ ಏಳುವ ವಾಸನೆ ಅರ್ಧ ಬಿಸ್ಕತ್ತಿನದು, ಅರ್ಧ ಗೋಣಿಚೀಲದ್ದು. ಮೂವತ್ತು ವರ್ಷ ಅಂಗನವಾಡಿ ಟೀಚರ್ ಆಗಿದ್ದವಳ ಸೆರಗಿನಲ್ಲಿ ಅದು ಒಗೆದರೂ ಹೋಗದ ಹಾಗೆ ಕೂತಿರುತ್ತದೆ. ನಿವೃತ್ತಿಯಾದ ಮೇಲೆ ಹೇಗೋ ಮರೆತುಹೋಗಿತ್ತು. ಮೊನ್ನೆ ನಮ್ಮ ಆಯಾ ನಫೀಸಾಳಿಗೂ ನಿವೃತ್ತಿಯಾಯಿತು; ಬೀಳ್ಕೊಡುಗೆಗೆ ನನ್ನನ್ನೂ ಕರೆದಿದ್ದರು. ನೆಕ್ರಾಜೆಯಲ್ಲಿ ಬಸ್ಸಿಳಿದು ಏರು ಹತ್ತಿ ಹೋದರೆ ಹಳೆಯ ಹೆಂಚಿನ ಕಟ್ಟಡವಿಲ್ಲ. ಟೆರೇಸಿನದು ಬಂದಿದೆ, ಗೋಡೆ ತುಂಬ ಆನೆ, ಮೊಲ. ವಾಸನೆ ಮಾತ್ರ ಅದೇ. ತನ್ನದೇ ಬೀಳ್ಕೊಡುಗೆಯ ದಿನವೂ ನಫೀಸಾ ಒಲೆಯ ಮುಂದೆ ನಿಂತು ನುಚ್ಚು ಹುರಿಯುತ್ತಿದ್ದಳು.

"ಬನ್ನಿ ಟೀಚರೇ," ಅಂದಳು. "ತಮ್ಮ ಹೇಗಿದ್ದಾರೆ? ಬೆಲ್ಟಿಗೆ ಈಗ ಎಷ್ಟು ತೂತು?"

ನಾವಿಬ್ಬರೂ ನಕ್ಕೆವು. ಹೊಸ ಟೀಚರ್ ನಮ್ಮ ಮುಖ ನೋಡಿದಳು. ಅವಳಿಗೆ ಹೇಳಬೇಕಿದ್ದರೆ ಹದಿನೈದು ವರ್ಷ ಹಿಂದಿನ ಒಂದು ಮಳೆಗಾಲಕ್ಕೆ ಕರೆದುಕೊಂಡು ಹೋಗಬೇಕಿತ್ತು.

ಆ ವರ್ಷ ಏಪ್ರಿಲಿನ ಬಿಸು ಹಬ್ಬಕ್ಕೆ ನಾಲ್ಕು ದಿನ ಇರುವಾಗ ನನ್ನ ತಮ್ಮ ಚಂದ್ರಹಾಸ ಮಿಲಿಟರಿ ಬಿಟ್ಟು ಬಂದ. ಹದಿನೇಳು ವರ್ಷದ ಸರ್ವಿಸ್. ಒಂದು ಕಪ್ಪು ಟ್ರಂಕು, ಒಂದು ಹಸಿರು ಕಂಬಳಿ, ಅಮ್ಮನಿಗೊಂದು ಪ್ರೆಶರ್ ಕುಕ್ಕರ್. ಪೆನ್ಶನ್ ಆಯಿತು ಎಂದ, ನಾವು ಹೌದು ಎಂದೆವು. ಹೊಟ್ಟೆಯದ್ದು ಸ್ವಲ್ಪ ಗ್ಯಾಸ್ಟ್ರಿಕ್ ಉಂಟು ಎಂದ, ಅದಕ್ಕೂ ಹೌದು ಎಂದೆವು. ಅವನಿಗೆ ಆಗ ಮೂವತ್ತೇಳು. ಅಮ್ಮ ಆಗಲೇ ಎರಡು ಜಾತಕ ತರಿಸಿ ದೇವರ ಪಟದ ಹಿಂದೆ ಸಿಕ್ಕಿಸಿದ್ದಳು. ಗಂಡ ತೀರಿಕೊಂಡ ಮೇಲೆ ನಾನೂ ಅಮ್ಮನ ಮನೆಯಲ್ಲೇ ಇದ್ದೆ. ಹಾಗಾಗಿ ಮನೆಯಲ್ಲಿ ನಾವು ಮೂರೇ ಜನ.

ಮೊದಲ ಹತ್ತು ದಿನ ಅವನು ನಿಂತುಕೊಂಡೇ ಉಣ್ಣುತ್ತಿದ್ದ. ಬಾಗಿಲಿನ ಕಡೆ ಮುಖ ಮಾಡಿ, ಬಸ್ಸು ತಪ್ಪಿಹೋಗುತ್ತದೆ ಎನ್ನುವ ಹಾಗೆ. ಕುಕ್ಕರ್ ಸೀಟಿ ಹೊಡೆದರೆ ಬಟ್ಟಲು ಕೆಳಗಿಟ್ಟು ಅಂಗಳಕ್ಕೆ ಹೋಗಿಬಿಡುತ್ತಿದ್ದ. ತಾನೇ ತಂದ ಕುಕ್ಕರ್. ಅಮ್ಮ ಅದನ್ನು ಒರೆಸಿ ಅಟ್ಟದ ಮೇಲಿಟ್ಟು ಮತ್ತೆ ಮಣ್ಣಿನ ಪಾತ್ರೆಯಲ್ಲೇ ಅನ್ನ ಮಾಡತೊಡಗಿದಳು. ಆಮೇಲೆ ಅವನು ಮನೆಯಲ್ಲಿ ಉಣ್ಣುವುದೇ ಕಡಿಮೆಯಾಯಿತು. ಕೇಳಿದರೆ "ಆಯ್ತು" ಎನ್ನುತ್ತಿದ್ದ.

ಈ 'ಆಯ್ತು' ಎಂಬುದರ ವಿಷಯ ಸ್ವಲ್ಪ ಹೇಳಬೇಕು. ನಮ್ಮದು ತುಳು ಮಾತಾಡುವ ಮನೆ. ನಮ್ಮಲ್ಲಿ ಎದುರು ಸಿಕ್ಕವರನ್ನು 'ವಣಸ್ ಆಂಡಾ' ಎಂದು ಕೇಳುತ್ತಾರೆ. ಎಂದರೆ ಊಟ ಆಯ್ತಾ. ಅದು ಪ್ರಶ್ನೆಯಲ್ಲ, ನಮಸ್ಕಾರ. ಬೆಳಿಗ್ಗೆ ಹನ್ನೊಂದಕ್ಕೆ ಕೇಳಿದರೂ 'ಆಂಡ್', ಆಯ್ತು ಎಂದೇ ಹೇಳಬೇಕು. ಚಿಕ್ಕವಳಿದ್ದಾಗ ನಾನು ಅಜ್ಜನನ್ನು ಕೇಳಿದ್ದೆ, ಉಣ್ಣದೆ ಉಂಡೆ ಅಂದರೆ ಸುಳ್ಳಲ್ಲವಾ ಎಂದು. ಅಜ್ಜ ವೀಳ್ಯದೆಲೆ ಬದಿಗಿಟ್ಟು ಹೇಳಿದ್ದರು: "ಮೊದಲಿನ ಆಟಿ ಅಂದ್ರೆ ನಿಂಗೆಂತ ಗೊತ್ತು? ಮಳೆಯ ನಡುವಿನ ತಿಂಗಳು, ಹಲಸಿನ ಬೀಜ ಲೆಕ್ಕ ಮಾಡಿ ಬೇಯಿಸುವ ಕಾಲ. ಬಂದವನನ್ನು ಊಟ ಆಯ್ತಾ ಕೇಳದಿದ್ರೆ ಮರ್ಯಾದೆಯಲ್ಲ. ಕೇಳಿದ ಮೇಲೆ ಅವ ಇಲ್ಲ ಅಂದ್ರೆ ಬಡಿಸ್ಲಿಕ್ಕೆ ಅನ್ನ ಇಲ್ಲ. ಅದಕ್ಕೆ ಬಂದವ ಆಯ್ತು ಅಂತಿದ್ದ. ಇಬ್ಬರ ಮಾನವೂ ಉಳೀತಿತ್ತು." ಅನ್ನಕ್ಕೆ ತೊಂದರೆಯಿಲ್ಲದ ಕಾಲದಲ್ಲಿ ಹುಟ್ಟಿದ ನಮಗೂ ಅಮ್ಮ ಆ ಮಾತನ್ನು ತೊಡೆ ಚಿವುಟಿ ಕಲಿಸಿದ್ದಳು. ಬೇರೆಯವರ ಮನೆ ಮೆಟ್ಟಿಲು ಹತ್ತುವ ಮೊದಲೇ ನಮ್ಮ ನಾಲಿಗೆಯ ತುದಿಯಲ್ಲಿ 'ಆಯ್ತು' ತಯಾರಿರಬೇಕಿತ್ತು.

ಚಂದ್ರ ಮನೆಯಲ್ಲಿ ಕೇಳಿದರೆ ನಾಯ್ಮಾರ್ಮೂಲೆ ಪೇಟೆಯ ಹೋಟೆಲಿನಲ್ಲಿ ಆಯ್ತು ಎಂದ. ನಾಯ್ಮಾರ್ಮೂಲೆಯಲ್ಲಿ ಸ್ನೇಹಿತರು ಕೇಳಿದರೆ ಮನೆಯಲ್ಲಿ ಆಯ್ತು ಎಂದ. ಎಲ್ಲರೂ ಕೇಳಿದೆವು, ಎಲ್ಲರಿಗೂ ಉತ್ತರ ಸಿಕ್ಕಿತು. ಒಂದೂವರೆ ತಿಂಗಳು ಹೀಗೆ ಕಳೆಯಿತು.

ಜೂನಿನಲ್ಲಿ ಅಂಗನವಾಡಿಯ ಮಾಡು ಸೋರತೊಡಗಿತು. ಪಂಚಾಯತಿನವರನ್ನು ಕಾಯುವುದು ಬೇಡ, ನಾನೇ ಹೆಂಚು ಸರಿ ಮಾಡುತ್ತೇನೆ ಎಂದು ಚಂದ್ರ ಏಣಿ ತಂದ. ಅಂಗಿ ಒದ್ದೆಯಾಗಿ ಮೈಗೆ ಅಂಟಿತ್ತು. ಕೆಳಗೆ ನಿಂತು ಹೆಂಚು ಕೊಡುತ್ತಿದ್ದ ನಫೀಸಾ ನನ್ನನ್ನು ಅಡಿಗೆ ಕೋಣೆಗೆ ಕರೆದಳು.

"ಟೀಚರೇ, ನಿಮ್ಮ ತಮ್ಮನ ಬೆಲ್ಟು ನೋಡಿದ್ರಾ?"

"ಎಂತ ಆಯ್ತು ಬೆಲ್ಟಿಗೆ?"

"ಮೂರು ಹೊಸ ತೂತು. ಆಣಿಯಲ್ಲಿ ಮಾಡಿದ್ದು. ನೀವು ಊರಿನ ಮಕ್ಕಳನ್ನೆಲ್ಲ ತೂಗ್ತೀರಿ. ಮನೆಯಲ್ಲಿ ತಕ್ಕಡಿ ಇಲ್ವಾ?"

ನನಗೆ ಯಾರೋ ಕೆನ್ನೆಗೆ ಹೊಡೆದ ಹಾಗಾಯಿತು. ತಿಂಗಳಿಗೊಮ್ಮೆ ಇಪ್ಪತ್ತೆರಡು ಮಕ್ಕಳನ್ನು ಚೀಲದಲ್ಲಿ ಕೂರಿಸಿ, ತೂಗಿ, ಕಾರ್ಡಿನಲ್ಲಿ ಚುಕ್ಕಿ ಹಾಕಿ ಗೆರೆ ಎಳೆಯುವವಳು ನಾನು. ಗೆರೆ ಕೆಳಗೆ ಬಾಗಿದರೆ ಆ ಮಗುವಿನ ಮನೆಗೇ ಹೋಗುತ್ತಿದ್ದೆ. ತಾಯಿಯನ್ನು ನಾನೆಂದೂ ಮಗು ಉಂಡಿತಾ ಎಂದು ಕೇಳಿದವಳಲ್ಲ. ನಿನ್ನೆ ಬೆಳಿಗ್ಗೆ ಎಂತ ತಿಂತು, ಎಷ್ಟು ಸೌಟು, ಬಟ್ಟಲಲ್ಲಿ ಎಷ್ಟು ಉಳಿಯಿತು ಎಂದು ಕೇಳುತ್ತಿದ್ದೆ. ಆ ಕೆಲಸ ಕಲಿಸಿದ ಮೊದಲ ಪಾಠವೇ ಅದು. ಸಂಜೆ ಮನೆಗೆ ಬಂದು ತಮ್ಮನನ್ನು ಮಾತ್ರ 'ಊಟ ಆಯ್ತಾ' ಎಂದು ಕೇಳಿ ಚಾಪೆ ಬಿಡಿಸುತ್ತಿದ್ದೆ.

ಹೊಟ್ಟೆಯ ಡಾಕ್ಟರಿಗೆ ತೋರಿಸಲು ಮಂಗಳೂರಿಗೆ ಹೊರಟೆವು. ಕಾಸರಗೋಡು ರೈಲ್ವೇ ಸ್ಟೇಷನ್ನಿನಲ್ಲಿ ಬಣ್ಣದ ಬಲ್ಬು ತಿರುಗುವ ತೂಕದ ಮೆಷಿನ್ ಇತ್ತು. ತಮಾಷೆಗೆ ಎನ್ನುವ ಹಾಗೆ ಅವನನ್ನು ಹತ್ತಿಸಿದೆ. ಆರು ಅಡಿಗೆ ಎರಡಿಂಚು ಕಡಿಮೆಯ ಗಂಡಸು, ನಲವತ್ತೊಂಬತ್ತು ಕೆ.ಜಿ. ಟಿಕೇಟಿನ ಹಿಂದೆ ಭವಿಷ್ಯ ಬರೆದಿತ್ತು: ನೀವು ದೂರದ ಪ್ರಯಾಣ ಮಾಡುವಿರಿ.

"ಮಾಡಿ ಆಯ್ತು ಅಂತ ಹೇಳು ಅದಕ್ಕೆ," ಎಂದು ಚಂದ್ರ ಟಿಕೇಟನ್ನು ಕಿಸೆಗೆ ಹಾಕಿದ. ಆ ವರ್ಷ ಅವನು ಆಡಿದ ಮೊದಲ ತಮಾಷೆ ಅದು. ನನಗೆ ನಗಲಾಗಲಿಲ್ಲ.

ಕೊಳವೆ ಇಳಿಸಿ ನೋಡಿದ ಡಾಕ್ಟರು ಹೊಟ್ಟೆಯಲ್ಲಿ ಏನೂ ಇಲ್ಲ ಎಂದರು. ಮನೆಗೆ ಬಂದು ಹೇಳಿದಾಗ ಅಮ್ಮ ರೇಗಿದಳು. "ಏನೂ ಇಲ್ಲ ಅಂತ ನಂಗೂ ಗೊತ್ತುಂಟು. ಉಣ್ಣದವನ ಹೊಟ್ಟೆಯಲ್ಲಿ ಎಂತ ಇರ್ತದೆ? ಅದಕ್ಕೆ ಮಂಗಳೂರಿಗೆ ಹೋಗ್ಬೇಕಾ?"

ಅವಳು ಮರುದಿನವೇ ಜೋಯಿಸರಲ್ಲಿಗೆ ಹೋಗಿ ಪ್ರಶ್ನೆ ಇಡಿಸಿದಳು. ಬಂದವಳು ಜಗಲಿಯಲ್ಲಿ ಕೂತು ಧ್ವನಿ ತಗ್ಗಿಸಿ ಹೇಳಿದಳು: "ಉಣ್ಣದೆ ಸತ್ತವ ಒಬ್ಬ ಇವನೊಟ್ಟಿಗೆ ಬಂದಿದ್ದಾನಂತೆ. ಇವನ ಪಾಲು ಅವ ಉಣ್ತಾನಂತೆ."

ನಾನು ಇಂಥದ್ದನ್ನೆಲ್ಲ ನಂಬುವವಳಲ್ಲ. ನಕ್ಕುಬಿಡಬೇಕು ಎಂದು ತಮ್ಮನ ಕಡೆ ತಿರುಗಿದೆ. ಅವನು ನೀರಿನ ಲೋಟ ಕೆಳಗಿಟ್ಟು ಅಂಗಳಕ್ಕೆ ಇಳಿದಾಗಿತ್ತು, ಕುಕ್ಕರ್ ಸೀಟಿ ಕೇಳಿದಾಗಿನ ಹಾಗೆ. ನನ್ನೊಳಗೆ ಭಯಕ್ಕಿಂತ ಮೊದಲು ಎದ್ದದ್ದು ಕುತೂಹಲ. ಯಾರು ಆ ಸತ್ತವನು?

ಒಂದು ವಾರ ಬೇಡಿದ ಮೇಲೆ ಚಂದ್ರ ಟ್ರಂಕು ತೆರೆದು ಒಂದು ಕಾಗದ ಕೊಟ್ಟ. ಮಿಲಿಟರಿ ಆಸ್ಪತ್ರೆಯದ್ದು. ಗ್ಯಾಸ್ಟ್ರಿಕ್ ಎಂಬ ಶಬ್ದ ಅದರಲ್ಲಿ ಎಲ್ಲಿಯೂ ಇರಲಿಲ್ಲ. ಡಿಪ್ರೆಶನ್ ಎಂದಿತ್ತು. ಅದನ್ನು ಹಿಡಿದುಕೊಂಡು ಕಾಸರಗೋಡಿನ ಒಬ್ಬ ಮನಸ್ಸಿನ ಡಾಕ್ಟರರಲ್ಲಿಗೆ ಹೋದೆವು. ನನ್ನ ಪ್ರಾಯದ ಹೆಂಗಸು, ಕನ್ನಡಕವನ್ನು ಹಣೆಗೆ ಏರಿಸಿಕೊಂಡೇ ಮಾತಾಡುವವರು. ಊಟ ಎಲ್ಲ ಆಗ್ತದಾ ಎಂದು ಅವರು ಕೇಳಲಿಲ್ಲ.

"ನಿನ್ನೆ ಹನ್ನೆರಡು ಗಂಟೆಯಿಂದ ಮೂರು ಗಂಟೆ ಒಳಗೆ ಬಾಯಿಗೆ ಹೋದದ್ದು ಎಂತೆಲ್ಲ?"

ಚಂದ್ರ ಮೇಜಿನ ಗಾಜಿನ ಮೇಲೆ ಬೆರಳಿಟ್ಟು ಗಂಟೆ ಎಣಿಸಿದ. "ಒಂದು ಬಾಳೆಹಣ್ಣು," ಎಂದ. ಮತ್ತೆ, "ಅರ್ಧ."

ನನ್ನ ಪ್ರಶ್ನೆಯನ್ನು ಬೇರೆಯವರ ಬಾಯಲ್ಲಿ ಕೇಳಿ ನಾನು ತಲೆ ತಗ್ಗಿಸಿದೆ.

ಅವನನ್ನು ಒಬ್ಬನನ್ನೇ ಕೂರಿಸಿ ಅವರು ಬಹಳ ಹೊತ್ತು ಮಾತಾಡಿದರು. ಆಮೇಲೆ ನನ್ನನ್ನು ಕರೆದರು. ನನ್ನ ಬಾಯಿ ಸುಮ್ಮನಿರಲಿಲ್ಲ. "ಒಂದೇ ಹೊಟ್ಟೆಗೆ ಇಷ್ಟು ಹೆಸರು ಎಂತಕ್ಕೆ ಡಾಕ್ಟ್ರೇ? ಇವ ಗ್ಯಾಸ್ಟ್ರಿಕ್ ಅಂತಾನೆ, ಕಾಗದ ಡಿಪ್ರೆಶನ್ ಅಂತದೆ, ಜೋಯಿಸರು ಕುಲೆ ಅಂತಾರೆ." ಕುಲೆ ಎಂದರೆ ತೀರಿಹೋದವರ ಜೀವ, ತುಳುವಿನಲ್ಲಿ.

ಅವರು ನಗಲಿಲ್ಲ. "ಕಾಗದದ್ದು ತಪ್ಪಲ್ಲ, ಆದರೆ ಅರ್ಧ. ದೊಡ್ಡ ಅಪಾಯ ಕಣ್ಣಾರೆ ನೋಡಿದ ಮೇಲೆ ಮನಸ್ಸು ಅಲ್ಲಿಂದ ಇಳಿದು ಬರುವುದಿಲ್ಲ. ಅದಕ್ಕೆ ಬೇರೆ ಹೆಸರುಂಟು, ನಾನು ಬರೆದು ಕೊಡ್ತೇನೆ. ಊಟದ ತೊಂದರೆ ಅದರ ಬಾಲ ಹಿಡಿದು ಬಂದದ್ದು. ನೀವು ಓಡುವಾಗ ಹಸಿವಾಗ್ತದಾ?"

"ಇಲ್ಲ."

"ನಿಮ್ಮ ತಮ್ಮ ಇನ್ನೂ ಓಡ್ತಾ ಇದ್ದಾರೆ. ಕೆಲವರು ಹೀಗೆ ಉಣ್ಣುವುದನ್ನೇ ಬಿಡ್ತಾರೆ, ಕೆಲವರು ನಿಲ್ಲಿಸದೆ ತಿಂತಾರೆ. ಹೊಟ್ಟೆಗೆ ಯುದ್ಧ ಮುಗಿದದ್ದು ಗೊತ್ತಾಗ್ಲಿಕ್ಕೆ ಸಮಯ ಬೇಕು." ಮಾತ್ರೆ ಬರೆದರು. ವಾರಕ್ಕೊಮ್ಮೆ ಬರಬೇಕು, ತೂಕ ಇನ್ನೂ ಇಳಿದರೆ ಆಸ್ಪತ್ರೆಯಲ್ಲಿ ಮಲಗಿಸಲೇಬೇಕು ಎಂದರು. "ಮತ್ತೆ, ಊಟ ಆಯ್ತಾ ಅಂತ ಮನೆಯಲ್ಲಿ ಯಾರೂ ಕೇಳಬೇಡಿ. ಬಡಿಸಿ ಇಡಿ, ನಿಮ್ಮ ಕೆಲಸ ನೋಡಿ. ಅಲ್ಲಿ ಎಂತ ಆಯ್ತು ಅಂತ ಸಹ ಕೇಳಬೇಡಿ." ಕೊನೆಯದನ್ನು ನನ್ನ ಮುಖವನ್ನೇ ನೋಡಿ ಹೇಳಿದರು. ನನ್ನ ರೋಗವೂ ಅವರಿಗೆ ಗೊತ್ತಾಗಿತ್ತು.

ತುಳುವರ ಮನೆಯಲ್ಲಿ ಊಟ ಆಯ್ತಾ ಎಂದು ಕೇಳದಿರುವುದು ಎಂದರೆ ಉಸಿರು ಬಿಗಿಹಿಡಿದು ನಡೆದ ಹಾಗೆ. ಅಮ್ಮನ ಬಾಯಿಗೆ ಬಂದ ಮಾತು ಹಿಂದೆ ಹೋಗುವುದು ಕಣ್ಣಿಗೇ ಕಾಣುತ್ತಿತ್ತು. ತಡೆಯಲಾಗದಿದ್ದರೆ ಹಟ್ಟಿಗೆ ಹೋಗಿ ದನವನ್ನು ಕೇಳಿ ಬರುತ್ತಿದ್ದಳು. ಅಕ್ಕಪಕ್ಕದವರಿಗೆ ನಾನೇ ಹೇಳಿ ಬಂದೆ. ನೆರೆಯ ಹಿರಿಯರೊಬ್ಬರು ಚಂದ್ರನನ್ನು ದಾರಿಯಲ್ಲಿ ಕಂಡು ಬಾಯಿ ತೆರೆದವರು, ನೆನಪಾಗಿ, "ಮಳೆ ಆಯ್ತಾ?" ಎಂದರಂತೆ, ಧಾರಾಕಾರ ಮಳೆಯಲ್ಲಿ ಕೊಡೆ ಹಿಡಿದುಕೊಂಡೇ.

ಆದರೂ ಮನೆಯಲ್ಲಿ ಬಡಿಸಿಟ್ಟ ಬಟ್ಟಲು ಹಾಗೆಯೇ ಆರುತ್ತಿತ್ತು. ತಿರುವು ಬಂದದ್ದು ಅಂಗನವಾಡಿಯಲ್ಲಿ.

ಆ ವರ್ಷ ಅಶ್ವಿನಿ ಎಂಬ ಮೂರು ವರ್ಷದ ಹುಡುಗಿ ಇದ್ದಳು. ಬಟ್ಟಲು ಕಂಡರೆ ಬಾಯಿ ಹೊಲಿದುಕೊಂಡು ಕೂರುವವಳು. ಇಂಥವರಿಗೆ ನಫೀಸಾಳದ್ದು ಒಂದು ಕ್ರಮ ಇತ್ತು: ಉಪ್ಪಿಟ್ಟು ಇಡುವುದು, ಇಟ್ಟು ಬೆನ್ನು ಹಾಕಿ ಕೂರುವುದು. ಮುದ್ದು ಇಲ್ಲ, ಗದರಿಕೆ ಇಲ್ಲ, ತಿರುಗಿ ನೋಡುವುದಂತೂ ಇಲ್ಲವೇ ಇಲ್ಲ. ಸ್ವಲ್ಪ ಹೊತ್ತಿಗೆ ಬೆನ್ನ ಹಿಂದೆ ಬಟ್ಟಲಿನ ಸಣ್ಣ ಸದ್ದು ಕೇಳುತ್ತಿತ್ತು. ಚಂದ್ರ ಮಾಡಿನ ಕೆಲಸದ ನಡುವೆ ಏಣಿಯ ಮೇಲಿಂದ ಇದನ್ನು ದಿನಾ ನೋಡುತ್ತಿದ್ದ. ಐದಾರು ದಿನದಲ್ಲಿ ಮುಗಿಯಬೇಕಾದ ಹೆಂಚಿನ ಕೆಲಸ ಮೂರು ವಾರವಾದರೂ ಮುಗಿಯಲಿಲ್ಲ.

ಒಂದು ಮಧ್ಯಾಹ್ನ ನಫೀಸಾ ಇನ್ನೊಂದು ಬಟ್ಟಲು ಉಪ್ಪಿಟ್ಟನ್ನು ಜಗಲಿಯಲ್ಲಿ ಅವನ ಪಕ್ಕ ಇಟ್ಟಳು. ಇಟ್ಟು, ಅಶ್ವಿನಿಗೂ ಅವನಿಗೂ ಒಟ್ಟಿಗೆ ಬೆನ್ನು ಹಾಕಿ ಕೂತು ತೆಂಗಿನ ಗರಿಯಿಂದ ಕಸ ಗುಡಿಸುವ ಹಿಡಿಸೂಡಿಯ ಕಡ್ಡಿ ಸೀಳತೊಡಗಿದಳು. ನಾನು ಒಳಗೆ ರಿಜಿಸ್ಟರಿನಲ್ಲಿ ತಲೆ ಹುದುಗಿಸಿದೆ. ಒಂದು ಅಕ್ಷರ ಬರೆಯಲಾಗಲಿಲ್ಲ, ಕಿವಿ ಜಗಲಿಯಲ್ಲಿತ್ತು. ಮೊದಲು ಒಂದು ಬಟ್ಟಲಿನ ಸದ್ದು. ಬಹಳ ಹೊತ್ತಿನ ಮೇಲೆ ಎರಡನೆಯದು.

"ಮೂರು ಚಮಚ," ಎಂದಳು ನಫೀಸಾ ಪಾತ್ರೆ ತೊಳೆಯುವಾಗ. "ಅಶ್ವಿನಿ ಏಳು."

ಅಂದಿನಿಂದ ಅವನದು ದಿನವೂ ಅಲ್ಲೇ. ಮೂರು, ಐದು, ಒಂದು ದಿನ ಏನೂ ಇಲ್ಲ, ಮತ್ತೆ ನಾಲ್ಕು. ನಾನು ಒಂದು ಹಳೆಯ ಕಾರ್ಡು ತೆಗೆದು ಚುಕ್ಕಿ ಹಾಕತೊಡಗಿದೆ. ಡಾಕ್ಟರು ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಇದು ಮುಂದುವರಿಯಲಿ" ಎಂದರು.

ಆಟಿ ಅರ್ಧ ಕಳೆದಿರಬೇಕು, ಮಕ್ಕಳೆಲ್ಲ ಹೋದ ಮೇಲೆ ಜಗಲಿಯಲ್ಲಿ ಮಳೆ ನೋಡುತ್ತ ಕೂತಿದ್ದಾಗ ಅವನೇ ಮಾತು ತೆಗೆದ. ನಾನು ಕೇಳಿರಲಿಲ್ಲ. ದೇವರಾಣೆ ಕೇಳಿರಲಿಲ್ಲ.

"ಅಕ್ಕ, ದೇವೇಂದ್ರ ಅಂತ ಒಬ್ಬ ಇದ್ದ."

ಗಢವಾಲದ ಕಡೆಯವನಂತೆ, ಹಿಮದ ಪೋಸ್ಟಿನಲ್ಲಿ ಇವನೊಟ್ಟಿಗೆ ಇದ್ದವನು. ಊಟದ ಟೆಂಟು ಸ್ವಲ್ಪ ಕೆಳಗೆ. ಒಬ್ಬೊಬ್ಬರೇ ಇಳಿಯುವ ಹಾಗಿಲ್ಲ, ಹಗ್ಗ ಕಟ್ಟಿಕೊಂಡು ಇಬ್ಬಿಬ್ಬರು ಹೋಗಬೇಕು. ಆ ದಿನ ಚಂದ್ರ ಡ್ಯೂಟಿ ಮುಗಿಸಿ ಬಂದು ಮಲಗಿದ್ದ. ದೇವೇಂದ್ರ ತಲೆ ಒಳಗೆ ಹಾಕಿ, ಊಟ ಆಯ್ತಾ ಎಂದು ಹಿಂದಿಯಲ್ಲಿ ಕೇಳಿದ.

"ನಾನು ಆಯ್ತು ಅಂದೆ," ಎಂದ ಚಂದ್ರ. "ಆಗಿರ್ಲಿಲ್ಲ ಅಕ್ಕ. ನಿದ್ದೆಗಣ್ಣು. ಕೇಳಿದ ಕೂಡ್ಲೇ ನಾಲಿಗೆ ಹೇಳಿಬಿಟ್ಟಿತು. ಅವ ನಿಜಕ್ಕೂ ಕೇಳಿದ್ದು. ಅವರ ಊರಲ್ಲಿ ಅದು ಪ್ರಶ್ನೆ."

ದೇವೇಂದ್ರ ಒಬ್ಬನೇ ಇಳಿದ. ಹಿಮ ಜಾರಿತು. ಎರಡು ದಿನ ಅಗೆದರು. ಅಗೆಯುವವರಿಗೆ ನಡುನಡುವೆ ಊಟಕ್ಕೆ ಕರೆಯುತ್ತಿದ್ದರಂತೆ, ಉಣ್ಣದೆ ಅಗೆಯುವಂತಿಲ್ಲ ಎಂದು. ಸಿಕ್ಕಿದಾಗ ಊಟದ ಡಬ್ಬಿ ಅವನ ಕಂಕುಳಲ್ಲೇ ಇತ್ತು. ಖಾಲಿ.

ನಾನು ಡಾಕ್ಟರನ್ನು ಆಮೇಲೆ ಕೇಳಿದೆ, ಇದೇನಾ ಕಾರಣ ಎಂದು. ಇಷ್ಟು ನೇರ ಇರುವುದಿಲ್ಲ, ಹದಿನೇಳು ವರ್ಷದಲ್ಲಿ ಬೇರೆಯದೂ ಇರುತ್ತದೆ, ಅವರು ಹೇಳಿದಾಗ ಹೇಳಲಿ ಎಂದರು. ಬೇರೆಯದು ಏನು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಾಗಬೇಕು ಎಂಬ ಆಸೆ ಇಲ್ಲವೆಂದರೆ ಸುಳ್ಳಾಗುತ್ತದೆ.

ಅಮ್ಮನಿಗೆ ಹೇಳಲು ಅವನೇ ಒಪ್ಪಿದ. ಅಮ್ಮ ಪೂರ್ತಿ ಕೇಳಿ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. "ಆ ಮಾತು ಕಲಿಸಿದ್ದು ನಾನಲ್ವಾ ಮಗಾ," ಎಂದಳು. ಎದ್ದವಳು ಕೇಳಿದ್ದು ಬೇರೆಯೇ: "ಅವ ಕೋಳಿ ತಿಂತಾನಾ?"

ಆಟಿಯಲ್ಲಿ ನಮ್ಮವರು ತೀರಿಹೋದವರಿಗೆ ಬಡಿಸುತ್ತಾರೆ. ಒಳಗಿನ ಕೋಣೆಯಲ್ಲಿ ಬಾಳೆಲೆ ಹಾಕಿ, ಅವರವರಿಗೆ ಇಷ್ಟವಾದದ್ದನ್ನು ಇಟ್ಟು, ಹೆಸರು ಹಿಡಿದು ಉಣ್ಣಲು ಕರೆದು, ಬಾಗಿಲು ಹಾಕಿ ಹೊರಗೆ ಕಾಯಬೇಕು. ಅವರು ಉಂಡರು ಎಂದಾದ ಮೇಲೆ ಮನೆಯವರ ಊಟ.

"ಇಲ್ಲಮ್ಮ, ಮೊಟ್ಟೆ ಸಹ ತಿನ್ನುವುದಿಲ್ಲ."

"ಹಾಗಾದ್ರೆ ನಿನ್ನ ಅಜ್ಜನ ಕೋಳಿ ಸಾರಿನ ಹತ್ರ ಅವನನ್ನು ಕೂರಿಸುವ ಹಾಗಿಲ್ಲ."

ದೇವೇಂದ್ರನ ಎಲೆ ಕಿಟಕಿಯ ಬದಿಗೆ, ಬೇರೆಯಾಗಿ. ಅಮ್ಮ ಜೀವನದಲ್ಲಿ ಮೊದಲ ಬಾರಿ ಚಪಾತಿ ಲಟ್ಟಿಸಿದಳು. ಒಂದೊಂದೂ ಒಂದೊಂದು ದೇಶದ ನಕಾಶೆ. ಬಟಾಟೆ ಪಲ್ಯ ಮಾಡಿದಳು. ಕರೆಯುವ ಹೊತ್ತಿಗೆ ತೊಡಕಾಯಿತು.

"ಅವನಿಗೆ ತುಳು ಬರ್ತದಾ?"

"ಇಲ್ಲ."

"ಕನ್ನಡ?"

"ಇಲ್ಲಮ್ಮ."

"ಮತ್ತೆ ನಾನು ಹೇಗೆ ಕರೆಯುವುದು? ನೀನೇ ಕರಿ."

ಚಂದ್ರ ಒಳಗೆ ಹೋಗಿ ಕಿಟಕಿಯ ಬದಿಯ ಎಲೆಯ ಮುಂದೆ ನಿಂತ. ನಾವಿಬ್ಬರೂ ಹೊಸ್ತಿಲ ಹೊರಗೆ. ಮಧ್ಯಾಹ್ನವಾಗಿದ್ದರೂ ಮಳೆಯ ಮೋಡಕ್ಕೆ ಕೋಣೆ ಮಬ್ಬಾಗಿತ್ತು. ಅವನು ಹೆಸರು ಹಿಡಿದು ಕರೆದ. ಬಾ, ಊಟ ಮಾಡು ಎಂದು ಹೇಳುತ್ತಾನೆ ಎಂದುಕೊಂಡಿದ್ದೆ. ಅವನು ಹೇಳಿದ್ದು, "ನಹೀ ಹುವಾ, ಭಾಯಿ. ನಹೀ ಹುವಾ."

ನನ್ನ ಹಿಂದಿಗೂ ಅಷ್ಟು ಅರ್ಥವಾಯಿತು: ಊಟ ಆಗಿಲ್ಲ. ಅಮ್ಮನಿಗೆ ಹಿಂದಿ ಬಾರದು, ಆದರೂ ನನ್ನ ಕೈ ಹಿಡಿದುಕೊಂಡಳು. ಬಾಗಿಲು ಹಾಕಿ ಹೊರಗೆ ಕೂತೆವು. ಅರ್ಧ ಗಂಟೆಯ ಮೇಲೆ ಬಾಗಿಲು ತೆರೆದು, ಆ ಎಲೆಯಿಂದ ಒಂದು ಚಪಾತಿ ಎತ್ತಿ ಅಮ್ಮ ಅವನ ಬಟ್ಟಲಿಗೆ ಹಾಕಿದಳು. ನಾವು ಗೋಡೆಯ ಕಡೆ ತಿರುಗಿ ಕೂತೆವು. ಮುಕ್ಕಾಲು ಚಪಾತಿ ಹೋಯಿತು. ಕೂತುಕೊಂಡು.

ಅಲ್ಲಿಗೆ ಎಲ್ಲ ಸರಿಹೋಯಿತು ಎಂದು ಬರೆಯಲಾರೆ. ಮಾತ್ರೆ ಆರು ವರ್ಷ ನಡೆಯಿತು, ಒಮ್ಮೆ ನಿಲ್ಲಿಸಿ ಮತ್ತೆ ಶುರುವಾಯಿತು. ಜಾತಕಗಳು ಪಟದ ಹಿಂದೆಯೇ ಹಳದಿಯಾದವು. ಅಮ್ಮ ತೀರಿಕೊಂಡ ವರ್ಷ ಅವನ ಬೆಲ್ಟು ಮತ್ತೆ ಎರಡು ತೂತು ಬಿಗಿಯಾಯಿತು, ನಾನು ಹಳೆಯ ಕಾರ್ಡು ಹುಡುಕಿ ತೆಗೆದೆ. ಕುಕ್ಕರ್ ಈಗಲೂ ಅಟ್ಟದಲ್ಲಿದೆ. ಆದರೆ ಆ ಆಟಿಯ ನಂತರ ಅವನು ಒಂದು ಅಭ್ಯಾಸ ಬೆಳೆಸಿಕೊಂಡ, ಅದರಿಂದ ಊರಿಗೇ ಸ್ವಲ್ಪ ಕಷ್ಟವಾಯಿತು.

ಮೊನ್ನೆ ನಫೀಸಾ ಬಾಳೆಲೆಯಲ್ಲಿ ಉಪ್ಪಿಟ್ಟು ಕಟ್ಟಿ ಕೊಟ್ಟು, "ತಮ್ಮನಿಗೆ. ಎಷ್ಟು ಚಮಚ ಅಂತ ಫೋನ್ ಮಾಡಿ," ಎಂದಳು. ಬರುವಾಗ ಸೀತಾಂಗೋಳಿಯಲ್ಲಿ ಇಳಿದೆ. ಅಲ್ಲಿನ ಒಂದು ಸಣ್ಣ ಫ್ಯಾಕ್ಟರಿಯ ಗೇಟಿನಲ್ಲಿ ಚಂದ್ರ ವಾಚ್‌ಮನ್. ನಾನು ಪೊಟ್ಟಣ ಕೊಡುವಾಗ ಹೊಸದಾಗಿ ಕೆಲಸಕ್ಕೆ ಸೇರಿದವನೊಬ್ಬ ಸೈಕಲ್ಲಿನಲ್ಲಿ ಹೋಗುತ್ತ, ನಿಲ್ಲಿಸದೆ, "ಚಂದ್ರಣ್ಣ, ಊಟ ಆಯ್ತಾ?" ಎಂದ.

"ಇಲ್ಲ," ಎಂದ ಚಂದ್ರ.

ಅವನ ಸೈಕಲ್ಲು ತಡವರಿಸಿತು. ಕಾಲು ಊರಿ ನಿಂತ. ಇಲ್ಲ ಎಂದವರಿಗೆ ಮುಂದೆ ಏನು ಹೇಳಬೇಕು ಎಂದು ಪಾಪ ಅವನಿಗೆ ಯಾರೂ ಕಲಿಸಿರಲಿಲ್ಲ. "ಎಂತಕ್ಕೆ ಆಗ್ಲಿಲ್ಲ?" ಎಂದ.

"ಈಗ ಆಗ್ತದೆ. ನಿಂದು?"

"ಆಯ್ತು... ಅಲ್ಲ, ಆಗ್ಲಿಲ್ಲ."

"ಹಾಗಾದ್ರೆ ಇಳಿ ಮಾರಾಯ. ಕೂತುಕೊ."

ಚಂದ್ರ ಬೆಂಚಿನ ತುದಿಗೆ ಸರಿದು ಜಾಗ ಮಾಡಿದ. ಬಾಳೆಲೆ ಬಿಚ್ಚುವ ಸದ್ದಾಯಿತು. ನಾನು ಆಗಲೇ ಬೆನ್ನು ಹಾಕಿ ರಸ್ತೆಯ ಕಡೆ ನೋಡುತ್ತ ನಿಂತಿದ್ದೆ.